ಮಾನ್ಯಖೇಟದ ಗಣಿತಹಾರ: 12345654321

12345654321 ಎಂಬುದು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಹನ್ನೊಂದು ಅಂಕಿಗಳ ಸಂಖ್ಯೆ. ಇದು 1,234 ಕೋಟಿ ಮೀರಿದ್ದು. ಸುಮಾರು ಕ್ರಿ.ಶ. 850ರಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯ ರಚಿಸಿದ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ ಇದು 27994681 ಮತ್ತು 441ರ ಗುಣಲಬ್ಧವಾಗಿ ಬರುತ್ತದೆ. ಇಂಥ ಸಮಮಿತಿಯ ಗುಣಲಬ್ಧಗಳನ್ನು ಆತ ಕಂಠಾಭರಣಕ್ಕೆ ಹೋಲಿಸಿದ. ಕೃತಿಯ ಆರಂಭದಲ್ಲಿ ಸ್ತುತಿ ಪಡೆದವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಕಾಗಿಣಾ ದಂಡೆಯ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನ ಊರು.

ಈ ಸಂಖ್ಯೆ 111111ರ ವರ್ಗ. ಗುಣಕಗಳೂ ಪೂರ್ಣವರ್ಗಗಳೇ: 27994681 ಎಂದರೆ 5291ರ ವರ್ಗ, 441 ಎಂದರೆ 21ರ ವರ್ಗ. ಅಂಕಿಗಳ ಮೊತ್ತ 36, ಅದೂ 6ರ ವರ್ಗ. ಮೊದಲ 111111 ಬೆಸ ಸಂಖ್ಯೆಗಳನ್ನು ಕೂಡಿದರೂ ಇದೇ ಸಿಗುತ್ತದೆ.

ಇದರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಪ್ರತಿಯೊಂದೂ ಎರಡೆರಡು ಬಾರಿ ಬರುತ್ತದೆ. ಆದ್ದರಿಂದ ಭಾಜಕಗಳು ಒಟ್ಟು 243. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಸಂಖ್ಯೆಗಿಂತ ಹೆಚ್ಚು, ಅಂದರೆ ಇದು ‘ಸಮೃದ್ಧ’ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಈ ಗುಣ ವಿರಳ. ಅದುಳ್ಳ ಅತಿ ಚಿಕ್ಕ ಬೆಸ ಸಂಖ್ಯೆ 945. ಹೀಗೆ ಇದು ಬೆಸ, ಪೂರ್ಣವರ್ಗ ಮತ್ತು ಸಮೃದ್ಧ ಎಂಬ ಮೂರೂ ವರ್ಗೀಕರಣಗಳಿಗೆ ಸೇರುತ್ತದೆ.