ವೇದಿಕೆ ಮೇಲೆ ಒಂದು ಕುರ್ಚಿ ಜಾಸ್ತಿ

ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಗೆಳೆಯನೊಬ್ಬ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೋ ಕಳಿಸಿದ್ದ. ಕುಮಟಾ ಕಡೆಯವನೇ. ಸ್ವಂತ ಮದುವೆಯಲ್ಲೂ ಸೂಟು ಹಾಕದಿದ್ದ ಪ್ರಾಣಿ ಇಲ್ಲಿ ಕಪ್ಪು ಸೂಟು, ಕೊರಳಿಗೆ ಬೋ ಕಟ್ಟಿಕೊಂಡು ನಿಂತಿದ್ದ. ಕೆಳಗೆ ಬರೆದಿದ್ದ: "ಮೇಯರ್ ಮನೇಲಿ ಬಾಲ್. ಕಂಪನಿಯವ್ರು ಒಂದು ಟೇಬಲ್ ಬುಕ್ ಮಾಡಿದ್ರು. ದುಡ್ಡೆಲ್ಲ ಚಾರಿಟಿಗೆ ಹೋಗ್ತದಂತೆ."

ಬಾಲ್ ಅಂದರೆ ಚೆಂಡಲ್ಲ. ಊಟ, ಸಂಗೀತ, ಜೋಡಿ ಕುಣಿತ. ಆ ಮನೆಯ ಹೆಸರು ಮ್ಯಾನ್ಶನ್ ಹೌಸ್. 1710ರಲ್ಲಿ ವ್ಯಾಪಾರಿಯೊಬ್ಬ ಕಟ್ಟಿಸಿದ್ದನ್ನು 1715ರಲ್ಲಿ ನಗರಸಭೆ ಕೊಂಡುಕೊಂಡಿತು. ಅವತ್ತಿನಿಂದ ಅದು ಲಾರ್ಡ್ ಮೇಯರ್ ವಾಸದ ಮನೆ. 1821ರಲ್ಲಿ ಇಂಗ್ಲೆಂಡಿನ ದೊರೆ ಬರುತ್ತಾನೆ ಅಂತ ಪಕ್ಕದಲ್ಲಿ ಒಂದು ದುಂಡನೆಯ ಹಾಲ್ ಕಟ್ಟಿದರು. ತಮಾಷೆ ಅಂದರೆ, 1919ರ ಜನವರಿಯಲ್ಲಿ ಅದೇ ದೊರೆತನ ಬೇಡವೆಂದು ಐರ್ಲೆಂಡಿನ ಮೊದಲ ಸಂಸತ್ತು ಕೂತದ್ದೂ ಆ ಹಾಲ್‌ನಲ್ಲೇ.

ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಯಾರಿಗೆ ದುಡ್ಡು ಹೋಗ್ತದೋ ಅವ್ರು ಬಂದಿದ್ರಾ?"

"ಇಲ್ಲಪ್ಪ. ಅವ್ರು ಯಾಕೆ ಬರ್ತಾರೆ? ಸ್ಕ್ರೀನ್ ಮೇಲೆ ಒಂದು ವಿಡಿಯೋ ತೋರಿಸಿದ್ರು ಅಷ್ಟೇ."

ಅವನಿಗದು ಸಹಜ ಅನ್ನಿಸಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಯಾಕೆ ಅಂತ ಹೇಳುವುದಕ್ಕೆ ಕತಗಾಲಕ್ಕೆ ಹೋಗಬೇಕು.

ನಮ್ಮ ಕಡೆ ಇಂಥ ಬಾಲ್ ಎಲ್ಲಿಂದ ಬರಬೇಕು? ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ. ಮೈಸೂರಿನ ಲಲಿತ ಮಹಲ್‌ನಲ್ಲಿ ಕುಣಿಯುವುದಕ್ಕೇ ಅಂತ ಒಂದು ಹಾಲ್ ಇತ್ತು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಉಳಿಯಲಿ ಎಂದು ಅಡಿಗಲ್ಲು ಹಾಕಿದ ಅರಮನೆ ಅದು. ಹೋಟೆಲ್ ಆದಮೇಲೆ ಕುಣಿಯುವ ಹಾಲೇ ಊಟದ ಹಾಲಾಯಿತು. ನಾವು ಕನ್ನಡಿಗರು, ಕುಣಿತ ಬಿಟ್ಟು ಊಟ ಉಳಿಸಿಕೊಂಡೆವು.

ಆದರೆ ಒಂದು ರಾತ್ರಿ ಕುಣಿತ ಇಟ್ಟು, ಟಿಕೆಟ್ ಮಾರಿ, ಬಂದ ದುಡ್ಡನ್ನು ಕಷ್ಟದಲ್ಲಿದ್ದವರಿಗೆ ಕೊಡುವ ಪದ್ಧತಿ ನಮ್ಮಲ್ಲೂ ಇದೆ. ಅದರ ಹೆಸರು ಸಹಾಯಾರ್ಥ ಆಟ. ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಆಟ ಅಂದರೆ ಯಕ್ಷಗಾನ. ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಬಿದ್ದು ಕಾಲು ಮುರಿದುಕೊಂಡ ಕಲಾವಿದನಿಗೆ, ಕಿಡ್ನಿ ಹೋದವನಿಗೆ, ಎಲ್ಲದಕ್ಕೂ ಆಟ ಇಡುತ್ತಾರೆ. ಡೇರೆ ಮೇಳ ಕರೆಸಿಯೋ, ನಾಲ್ಕು ಮೇಳದ ಹೆಸರಾಂತ ಕಲಾವಿದರನ್ನು ಒಟ್ಟು ಹಾಕಿಯೋ. ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ.

ಯಾಕೆ ಇಷ್ಟೊಂದು ಆಟ ರೋಗಿಗಳ ಹೆಸರಿನಲ್ಲೇ ಆಗುತ್ತದೆ ಅನ್ನುವುದಕ್ಕೆ ನಕಾಶೆ ನೋಡಿದರೆ ಸಾಕು. ಕುಮಟಾದಿಂದ ಶಿರಸಿ ರಸ್ತೆ ಹಿಡಿದರೆ, ದೇವಿಮನೆ ಘಟ್ಟ ಹತ್ತುವುದಕ್ಕೆ ಮುಂಚೆ ಸಿಗುವ ಊರು ಕತಗಾಲ. ಜೋರು ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ರಸ್ತೆಯೇ ಬಂದ್. ಜಾಸ್ತಿ ಕಾಯಿಲೆಯಾದರೆ ಮಣಿಪಾಲ, ಮಂಗಳೂರು, ಇಲ್ಲ ಹುಬ್ಬಳ್ಳಿ. ಯಾವುದೂ ನೂರು ಕಿಲೋಮೀಟರ್‌ಗೆ ಕಮ್ಮಿ ಇಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ನೀವೂ ರೀಟ್ವೀಟ್ ಮಾಡಿರಬಹುದು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರಲ್ಲ, ಆ ವಿಡಿಯೋ ಇಡೀ ದೇಶ ನೋಡಿತು. ಕೂಗು ಮತ್ತೆ ಎದ್ದಿತು. ಸರ್ಕಾರ ಕಟ್ಟದ ಆಸ್ಪತ್ರೆಯ ಬಿಲ್ಲನ್ನು ನಮ್ಮಲ್ಲಿ ಕರ್ಣ, ಕೌರವ, ಭಸ್ಮಾಸುರ ಸೇರಿ ಕಟ್ಟುತ್ತಾರೆ.

2013ರ ಫೆಬ್ರವರಿಯಲ್ಲಿ ಅಂಥದ್ದೊಂದು ಆಟ ನಮ್ಮ ಅಪ್ಪಯ್ಯನ ಹೆಸರಿನಲ್ಲಾಯಿತು.

ಅಪ್ಪಯ್ಯನಿಗೆ ಆಟ ಅಂದರೆ ಹುಚ್ಚು. ಚಿಟ್ಟಾಣಿಯವರ ಭಸ್ಮಾಸುರ ನೋಡುವುದಕ್ಕೆ ಸೈಕಲ್ ಹೊಡೆದುಕೊಂಡು ಹೊನ್ನಾವರದವರೆಗೆ ಹೋಗಿ, ಬೆಳಿಗ್ಗೆ ಬಂದು ನೇರ ತೋಟಕ್ಕೆ ಇಳಿಯುತ್ತಿದ್ದರಂತೆ. ಕೆರೆಮನೆ ಶಂಭು ಹೆಗಡೆಯವರು ಹೆಚ್ಚೋ ಚಿಟ್ಟಾಣಿಯವರು ಹೆಚ್ಚೋ ಅನ್ನುವ ಜಗಳದಲ್ಲಿ ಭಾವನ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದ ಮನುಷ್ಯ. ಅಂಥವರಿಗೆ ಕಿಡ್ನಿ ಹೋಯಿತು, ಡಯಾಲಿಸಿಸ್ ಶುರುವಾಯಿತು. ನಾನು ಆಗಷ್ಟೇ ಬೆಂಗಳೂರಲ್ಲಿ ಟ್ರೇನಿ. ಸಂಬಳ ಪಿಜಿಗೆ ಸಾಕಾಗುತ್ತಿತ್ತು. ಊರವರು ಸೇರಿ, ಆಟ ಇಡೋಣ ಅಂದರು. ಇಟ್ಟರು.

ಲೆಕ್ಕ ಆಯಿಯ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ. ಒಟ್ಟು ಬಂದದ್ದು 2,86,000. ಅದರಲ್ಲಿ ಟಿಕೆಟ್ 1,92,000, ಮೈಕಿನಲ್ಲಿ ಘೋಷಣೆಯಾದ ದೇಣಿಗೆ 94,000. ಮೇಳದ ವೀಳ್ಯ, ಮೈಕು, ಲೈಟು, ಕುರ್ಚಿ, ಫ್ಲೆಕ್ಸು, ಸ್ಮರಣಿಕೆ ಸೇರಿ ಖರ್ಚು 1,38,000. ಕೈಗೆ ಸಿಕ್ಕಿದ್ದು 1,48,000. ಆ ದುಡ್ಡಿಲ್ಲದಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಆದ್ದರಿಂದ ಮುಂದೆ ನಾನು ಹೇಳುವುದನ್ನು ಕೃತಘ್ನನ ಮಾತು ಅನ್ನುವವರು ಅನ್ನಬಹುದು, ನನ್ನ ಅಭ್ಯಂತರವಿಲ್ಲ.

ಆಟ ರಾತ್ರಿ ಒಂಬತ್ತೂವರೆಗೆ ಅಂತ ಟಿಕೆಟ್ಟಿನಲ್ಲಿತ್ತು. ಒಂಬತ್ತೂವರೆಗೆ ಶುರುವಾದದ್ದು ಸಭಾ ಕಾರ್ಯಕ್ರಮ. ರಂಗಸ್ಥಳದ ಮೇಲೆ ಹನ್ನೊಂದು ಕುರ್ಚಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, "ವೇದಿಕೆಯ ಮೇಲೆ ಆಸೀನರಾಗಿರುವ ಇತರ ಗಣ್ಯರೇ" ಅನ್ನುವ ಬಾಬ್ತಿನವರು ಐದು ಜನ. ಒಬ್ಬರು ತಾಲೂಕಿನ ರಸ್ತೆಗಳ ಬಗ್ಗೆ ಮಾತಾಡಿದರು. ಇನ್ನೊಬ್ಬರು ಯಕ್ಷಗಾನದಲ್ಲಿ ಕನ್ನಡ ಹೇಗೆ ಶುದ್ಧವಾಗಿ ಉಳಿದಿದೆ ಅಂತ ಅರ್ಧ ಗಂಟೆ ಇಂಗ್ಲಿಷ್ ಬೆರೆಸಿ ವಿವರಿಸಿದರು. ಶಾಲು, ಹಾರ, ಸ್ಮರಣಿಕೆ, ಫೋಟೋ. ಶಾಲು ಹೊದಿಸಿದವರಿಗೂ ಆಮೇಲೆ ಒಂದು ಶಾಲು.

ಹಿಂದೆ ಚೌಕಿಯಲ್ಲಿ ಕರ್ಣ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಕಿರೀಟ ಒಂದನ್ನು ಬಿಟ್ಟು ಎಲ್ಲ ಬಿಗಿದುಕೊಂಡು ಕೂತಿದ್ದ. ಯಕ್ಷಗಾನದ ವೇಷ ಎಷ್ಟು ಬಿಗಿ ಅಂತ ಕಟ್ಟಿಸಿಕೊಂಡವರಿಗೇ ಗೊತ್ತು. ಅವತ್ತು ಅರ್ಧ ಸಂಭಾವನೆ ಬಿಟ್ಟುಕೊಟ್ಟ ಮೂವರು ಕಲಾವಿದರಿದ್ದರು ಅಂತ ನನಗೆ ತಿಳಿದದ್ದು ವರ್ಷದ ನಂತರ. ಅವರ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ.

ಹನ್ನೊಂದು ಕುರ್ಚಿಗಳ ತುದಿಯಲ್ಲಿ ಇನ್ನೊಂದು ಇತ್ತು. ಹಿಡಿಕೆ ಇಲ್ಲದ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಅಪ್ಪಯ್ಯ. ಹೆಗಲಿಗೆ ಟವೆಲ್, ಡಯಾಲಿಸಿಸ್‌ಗೆ ನರ ಜೋಡಿಸಿದ್ದ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಇಬ್ಬನಿಯಲ್ಲಿ ಒಂದೂಮುಕ್ಕಾಲು ಗಂಟೆ. ಬಂದ ಪ್ರತಿಯೊಬ್ಬರೂ ಭಾಷಣದ ನಡುವೆ ಕೈ ಅತ್ತ ತೋರಿಸಿ ಅವರ ರೋಗವನ್ನು ವರ್ಣಿಸಿದರು. ಕೊನೆಗೆ ಥರ್ಮೋಕೋಲಿನ ಮೇಲೆ ಬರೆದ ದೊಡ್ಡ ಚೆಕ್ಕು ಕೊಟ್ಟರು. ಫೋಟೋ ಸರಿ ಬರಲಿಲ್ಲ ಅಂತ ಇನ್ನೊಮ್ಮೆ ಕೊಟ್ಟರು. "ಎರಡು ಮಾತು ಹೇಳಿ" ಅಂತ ಮೈಕು ಮುಂದೆ ಹಿಡಿದರು. ಮನೆಯಲ್ಲಿ ಇಡೀ ಕರ್ಣಪರ್ವದ ಅರ್ಥ ಹೇಳುತ್ತಿದ್ದ ಮನುಷ್ಯನಿಗೆ "ಎಲ್ಲರಿಗೂ ನಮಸ್ಕಾರ" ಅನ್ನುವುದರ ಮುಂದೆ ಮಾತು ಹೊರಡಲಿಲ್ಲ.

ಪ್ರಸಂಗ ಶುರುವಾದಾಗ ಹನ್ನೊಂದೂಕಾಲು. ಭಾಗವತರು ಮೊದಲ ಪದ ಎತ್ತಿದರು, ಚಂಡೆ ಬಿತ್ತು. ಅಪ್ಪಯ್ಯ ನನ್ನ ಕೈ ಹಿಡಿದು, "ಮನೆಗೆ ಹೋಗೋಣ" ಅಂದರು. ಸುಸ್ತಾಗಿದೆ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಅಷ್ಟು ಜನರ ನಡುವೆ ಇನ್ನು ಪ್ರೇಕ್ಷಕನಾಗಿ ಕೂರಲು ಅವರಿಗೆ ಆಗುತ್ತಿರಲಿಲ್ಲ. ಅವರಾಗಲೇ ಒಂದು ವೇಷ ಮಾಡಿ ಇಳಿದಾಗಿತ್ತು.

ಅವತ್ತಿನ ಪ್ರಸಂಗವೂ ಕರ್ಣನದ್ದೇ ಆಗಿತ್ತು ನೋಡಿ. ಕವಚ ಕುಂಡಲ ಬೇಡುವುದಕ್ಕೆ ಇಂದ್ರ ಹೇಗೆ ಬಂದ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮುದಿ ಬ್ರಾಹ್ಮಣನ ವೇಷ ಹಾಕಿಕೊಂಡು ಬಂದ. ದೇವತೆಗಳ ರಾಜನಿಗೇ ಬೇಡುವಾಗ ಸ್ವಂತ ಮುಖ ತೋರಿಸಲು ಆಗಲಿಲ್ಲ. ಈ ಕಥೆಯನ್ನು ನೂರು ಸಲ ಆಡಿದ, ನೋಡಿದ ಊರಿನವರು ನಾವು. ಅದೇ ರಂಗಸ್ಥಳದ ಮೇಲೆ ರೋಗಿಯನ್ನು ಹ್ಯಾಲೋಜನ್ ಲೈಟಿನ ಕೆಳಗೆ ಕೂರಿಸುವಾಗ ನಮಗೆ ಇಂದ್ರ ನೆನಪಾಗುವುದಿಲ್ಲ.

ಇದು ಹಳ್ಳಿಯವರ ತಿಳಿಗೇಡಿತನ ಅಂತ ನೀವು ಅಂದುಕೊಂಡರೆ ತಪ್ಪು. ಬೆಂಗಳೂರಲ್ಲಿ ಪಂಚತಾರಾ ಹೋಟೆಲ್ಲೊಂದರ ಚಾರಿಟಿ ಡಿನ್ನರ್‌ಗೆ ಆಫೀಸಿನ ಕಡೆಯಿಂದ ನಾನೂ ಹೋಗಿದ್ದೇನೆ. ಸೂಪಿಗೂ ಸ್ಟಾರ್ಟರಿಗೂ ನಡುವೆ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ವೇದಿಕೆ ಹತ್ತಿಸಿ, ಅವಳ ಹೃದಯಕ್ಕೆ ಯಾವ ಆಪರೇಷನ್ ಆಯಿತು ಅಂತ ನಿರೂಪಕಿ ಕೇಳಿದಳು. ಮಗು ಕಲಿಸಿದ್ದನ್ನು ಒಪ್ಪಿಸಿತು. ನಮ್ಮ ಟೇಬಲ್ಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು, ಹರಾಜಿನಲ್ಲಿ ಒಂದು ಪೇಂಟಿಂಗ್ ಹೋಯಿತು. ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುವ ಕಾನೂನು 2014ರ ಏಪ್ರಿಲ್‌ನಲ್ಲಿ ಜಾರಿಯಾಯಿತಲ್ಲ, ಅದೇ ಜೂನ್‌ನಲ್ಲಿ ಕೇಂದ್ರ ಒಂದು ಸುತ್ತೋಲೆ ಹೊರಡಿಸಿ, ಮ್ಯಾರಥಾನ್, ಪ್ರಶಸ್ತಿ, ಜಾಹೀರಾತು, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವದಂಥ ಒಂದು ದಿನದ ಕಾರ್ಯಕ್ರಮಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ ಅಂದಿತ್ತು. ಕೊಡುವವನ ಜಾಹೀರಾತನ್ನು ಹೇಗೆ ಲೆಕ್ಕ ಹಿಡಿಯಬೇಕು ಅಂತ ಸರ್ಕಾರಕ್ಕೂ ಹೊಳೆದಿತ್ತು. ಪಡೆಯುವವನನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಯಾವ ಸುತ್ತೋಲೆಯೂ ಇಲ್ಲ.

ಆಟದ ಸಂಘಟಕರ ಜೊತೆ ಈ ಜಗಳ ನಾನು ಆಡಿದ್ದೇನೆ. ಅವರ ಉತ್ತರ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. "ಸಭೆ ಇಲ್ದಿದ್ರೆ ಗಣ್ಯರು ಬರೂದಿಲ್ಲ. ಗಣ್ಯರು ಬರದಿದ್ರೆ ದುಡ್ಡು ಬರೂದಿಲ್ಲ. ನಿಮ್ಮ ಆಟದ್ದೇ ಲೆಕ್ಕ ತೆಗಿ." ತೆಗೆದೆ. 94,000. ಮೈಕಿನಲ್ಲಿ ಹೆಸರು ಕೂಗುತ್ತಾರೆ ಅಂತಲೇ ಬಂದ ದುಡ್ಡು ಅದು, ಒಪ್ಪಿದೆ. ರೋಗಿಯನ್ನು ಕಣ್ಣಾರೆ ಕಂಡರೆ ಜನ ನಂಬುತ್ತಾರೆ, ಸುಳ್ಳು ಹೇಳಿ ದುಡ್ಡು ಎತ್ತುವವರೂ ಇದ್ದಾರಲ್ಲ ಅಂದರು. ಅದೂ ನಿಜವೇ.

ಹಾಗಾಗಿ ನನ್ನ ತಕರಾರನ್ನು ಸಣ್ಣದು ಮಾಡಿಕೊಂಡಿದ್ದೇನೆ. ಗಣ್ಯರು ಇರಲಿ. ಶಾಲು ಎರಡೆರಡು ಹೊದಿಸಿ. ಫ್ಲೆಕ್ಸಿನಲ್ಲಿ ಕೈ ಮುಗಿದ ಫೋಟೋ ಎಷ್ಟು ಬೇಕಾದರೂ ಹಾಕಿ. ನಂಬಿಕೆಗೆ ಬೇಕಾದರೆ ಆಸ್ಪತ್ರೆ ಬಿಲ್ಲಿನ ಮೊತ್ತ, ಆಟದ ಜಮಾ ಖರ್ಚು ಎರಡನ್ನೂ ಮಾರನೇ ದಿನ ಸೊಸೈಟಿಯ ಬೋರ್ಡಿಗೆ ಅಂಟಿಸಿ. ಒಬ್ಬ ಮುದುಕನ ಮುಖ ನೋಡಿ ನಂಬುವುದಕ್ಕಿಂತ ಅದು ಒಳ್ಳೇ ದಾಖಲೆ. ಆದರೆ ಆ ಹನ್ನೆರಡನೇ ಕುರ್ಚಿ ತೆಗೆಯಿರಿ. ರೋಗಿ ಬೇಕಾದರೆ ಮನೆಯಲ್ಲಿರಲಿ, ಬೇಕಾದರೆ ಬಂದು ಕತ್ತಲಲ್ಲಿ ಎಲ್ಲರ ಜೊತೆ ಕೂತು ಶೇಂಗಾ ತಿನ್ನುತ್ತ ಕರ್ಣನನ್ನು ನೋಡಲಿ.

ಡಬ್ಲಿನ್ನಿನ ಬಾಲ್ ಬಗ್ಗೆ ನನಗೆ ಹೊಟ್ಟೆಕಿಚ್ಚಾದದ್ದು ಇದಕ್ಕೇ. ಅಲ್ಲಿ ಆ ಕುರ್ಚಿ ಇಲ್ಲ. ಹಾಗಂತ ಅದನ್ನೇ ಇಲ್ಲಿಗೆ ತರಬೇಕು ಅನ್ನುವವನೂ ನಾನಲ್ಲ. ಅಲ್ಲಿ ಕೊಡುವವನಿಗೆ ಪಡೆಯುವವನು ಎರಡು ನಿಮಿಷದ ವಿಡಿಯೋ. ಆಯಿಯ ನೋಟ್‌ಬುಕ್ಕಿನಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದವರ ಹೆಸರಿದೆ, ಒಂದೊಂದು ನೆಲದ ಟಿಕೆಟ್. ಬಸ್ ಕಂಡಕ್ಟರರ ಹೆಸರಿದೆ. ಎರಡು ವರ್ಷ ಮಾತು ಬಿಟ್ಟಿದ್ದ ಭಾವನ ಹೆಸರಿನ ಮುಂದೆ ಇಪ್ಪತ್ತು ಕುರ್ಚಿ ಟಿಕೆಟ್ ಅಂತ ಇದೆ. ಸೂಟು ಬೂಟಿನ ಟೇಬಲ್ಲಿನಲ್ಲಿ ಇವರಿಗೆಲ್ಲ ಜಾಗ ಎಲ್ಲಿ?

ಅಪ್ಪಯ್ಯ ಆಮೇಲೆ ಆರು ವರ್ಷ ಬದುಕಿದರು. 2019ರಲ್ಲಿ ಹೋದರು. ಅವರ ಟ್ರಂಕಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಸಿಕ್ಕಿತು. ಸಹಾಯಾರ್ಥ ಆಟಗಳ ಟಿಕೆಟ್ಟು, ಹದಿನೇಳು. ಕುಮಟಾದ್ದು, ಸಂತೇಗುಳಿಯದ್ದು, ಕತಗಾಲದ್ದೇ ನಾಲ್ಕು. ಯಾರ ಮನೆಯಲ್ಲಿ ಕಷ್ಟ ಅಂದರೂ ಕೊಂಡಿದ್ದಾರೆ. ಗೇಟಿನಲ್ಲಿ ಹರಿದುಕೊಳ್ಳುವ ತುಂಡು ಹದಿನೇಳರಲ್ಲೂ ಹಾಗೇ ಇತ್ತು.

ಮೊನ್ನೆ ಊರಿಂದ ಫೋನು. ಬರುವ ತಿಂಗಳು ಕತಗಾಲದಲ್ಲಿ ಆಟ, ರಿಕ್ಷಾ ಓಡಿಸುವ ಒಬ್ಬರ ಹೆಂಡತಿಗೆ ಕ್ಯಾನ್ಸರ್.

"ನೀ ಬೆಂಗಳೂರಂವ, ವೇದಿಕೆ ಮೇಲೆ ಬಂದು ಎರಡು ಮಾತಾಡ್ಬೇಕು ಮಾರಾಯ."

"ಹತ್ತು ಟಿಕೆಟ್ ತಗೊಳ್ತೆ. ವೇದಿಕೆ ಬೇಡ. ಆಕೆಯನ್ನೂ ಹತ್ತಿಸಬೇಡಿ."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾದ. ಕಮಿಟಿಯಲ್ಲಿ ಕೇಳುತ್ತೇನೆ ಅಂದ. ಆಮೇಲೆ, "ನಿಂದೊಂದು ಫೋಟೋ ಆದ್ರೂ ಕಳಿಸು, ಫ್ಲೆಕ್ಸಿಗೆ" ಅಂದ.

ಫೋಟೋ ಕಳಿಸಿಲ್ಲ. ಗೂಗಲ್ ಪೇ ಮಾಡಿದ್ದೇನೆ. ಶನಿವಾರ ರಾತ್ರಿಯ ಬಸ್ಸು ಬುಕ್ ಆಗಿದೆ. ಹತ್ತರಲ್ಲಿ ಒಂದನ್ನು ಗೇಟಿನಲ್ಲಿ ಹರಿಸಿಕೊಂಡು ಒಳಗೆ ಹೋಗಿ ನೆಲದಲ್ಲಿ ಕೂರಬೇಕು ಅಂತಿದ್ದೇನೆ.