ಯಂತ್ರ ಬಂದಿದೆ, ಗುರು ಬಂದಿರುವನೆ?

ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರದಲ್ಲಿ ಮಠಕ್ಕೆ ಬರುವ ತಂದೆತಾಯಿಗಳು ಎರಡು ಬಗೆಯವರು. ಮಗನಿಗೆ ಹೆಚ್ಚು ಅಂಕ ಬಂದವರು ಹಣ್ಣುಕಾಯಿಗಳೊಡನೆ ಬರುತ್ತಾರೆ. ಕಡಿಮೆ ಬಂದವರು ಮೂಲೆಯಲ್ಲಿ ನಿಂತಿದ್ದು, ಜನ ಕರಗಿದ ಮೇಲೆ ಹತ್ತಿರ ಬಂದು, “ಬುದ್ಧಿ, ಇವನನ್ನು ಎಲ್ಲಾದರೂ ಒಂದು ಐಟಿಐಗೆ ಸೇರಿಸಿಬಿಡಿ” ಎನ್ನುತ್ತಾರೆ. ‘ಎಲ್ಲಾದರೂ ಒಂದು’ ಎಂಬ ಆ ಮಾತಿನಲ್ಲಿಯೇ ನಮ್ಮ ಸಮಾಜವು ವೃತ್ತಿಶಿಕ್ಷಣಕ್ಕೆ ಕೊಟ್ಟಿರುವ ಸ್ಥಾನ ತಿಳಿದುಬರುತ್ತದೆ. ಕಾಯಕವನ್ನು ಪೂಜೆಯೆಂದು ಸಾರಿದ ಪರಂಪರೆಯ ಮಕ್ಕಳಾದ ನಾವು, ಕೈಕೆಲಸ ಕಲಿಯುವುದನ್ನು ಸೋತವನ ಪಾಲೆಂದು ಭಾವಿಸಿರುವುದು ಸಣ್ಣ ವಿಪರ್ಯಾಸವಲ್ಲ.

ಇಲ್ಲಿ ನಾವು ವಿಮರ್ಶಿಸಲಿರುವುದು ಪ್ರೌಢಶಾಲೆಯ ಆಚೆಗಿನ ಐಟಿಐ, ಪಾಲಿಟೆಕ್ನಿಕ್ ಹಾಗೂ ಪ್ರಥಮ ದರ್ಜೆ ಕಾಲೇಜುಗಳ ಗುಣಮಟ್ಟವನ್ನು, ಅವುಗಳ ನಾಯಕತ್ವವನ್ನು. ಕಣ್ಣೆದುರಿಗಿರುವ ನೆಲ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ಪ್ರದೇಶ. ರಾಜಧಾನಿಯ ನೆರಳಿನಲ್ಲಿರುವ ಈ ಊರುಗಳ ಮಕ್ಕಳು ಬೆಳಗಿನ ರೈಲು ಬಸ್ಸುಗಳಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಹೋಗುವವನು ಕುಶಲಿಯಾಗಿ ಹೋಗುವನೋ ಬರಿಯ ಕೂಲಿಯಾಗಿ ಹೋಗುವನೋ ಎಂಬುದೇ ಇಲ್ಲಿರುವ ಪ್ರಶ್ನೆ.

ಸರಕಾರ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಲ್ಲಿ ರಾಜ್ಯದ 150 ಐಟಿಐಗಳನ್ನು 4,600 ಕೋಟಿ ರೂಪಾಯಿಗಳಿಗೂ ಮಿಗಿಲಾದ ವೆಚ್ಚದಲ್ಲಿ ನವೀಕರಿಸಿ, 2022ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳಿಂದ ಲೋಕಾರ್ಪಣೆ ಮಾಡಿಸಲಾಯಿತು. ಗಣಕಯಂತ್ರದಿಂದ ನಡೆಯುವ ಲೇತುಗಳೂ ರೋಬೋಟುಗಳೂ ಹಳ್ಳಿಯ ಹುಡುಗನ ಕೈಗೆಟುಕುವಂತಾದುದು ಸ್ವಾಗತಾರ್ಹವೇ. ಆದರೆ ಯಂತ್ರವನ್ನು ಒಂದು ದಿನದಲ್ಲಿ ಇಳಿಸಬಹುದು, ಗುರುವನ್ನು ಹಾಗೆ ಇಳಿಸಲಾಗದು. ಯಂತ್ರ ಕೆಟ್ಟಾಗ ರಿಪೇರಿಗೆ ಬರೆಯುವವರಾರು, ಕಚ್ಚಾ ಸಾಮಗ್ರಿ ಮುಗಿದಾಗ ತರಿಸುವವರಾರು, ಹೊಸ ವಿದ್ಯೆಯನ್ನು ಹಳೆಯ ಬೋಧಕನಿಗೆ ಕಲಿಸುವವರಾರು? ಈ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಸಂಸ್ಥೆಯ ಮುಖ್ಯಸ್ಥನ ಕುರ್ಚಿಯ ಮುಂದೆ.

ಆ ಕುರ್ಚಿಯ ಕತೆಯೇನು? ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅನೇಕ ವರ್ಷಗಳ ಕಾಲ ಹಿರಿಯ ಅಧ್ಯಾಪಕರೇ ‘ಪ್ರಭಾರ’ ಪ್ರಾಂಶುಪಾಲರಾಗಿ ಕಾರ್ಯಭಾರ ಹೊತ್ತರು. ಈಚಿನ ವರ್ಷಗಳಲ್ಲಿ 310 ಪ್ರಾಂಶುಪಾಲ ಹುದ್ದೆಗಳಿಗೆ ಪರೀಕ್ಷೆಯ ಮೂಲಕ ನೇಮಕಾತಿ ಮಾಡಲು ಸರಕಾರ ಮುಂದಾದುದು ಸರಿಯಾದ ಹೆಜ್ಜೆ. ಪ್ರಭಾರಿಗಳಲ್ಲಿ ಸಮರ್ಥರೂ ನಿಷ್ಠರೂ ಇದ್ದರೆಂಬುದನ್ನು ನಾವು ಬಲ್ಲೆವು. ಆದರೆ ನಾಳೆ ಈ ಸ್ಥಾನದಲ್ಲಿರುವೆನೋ ಇಲ್ಲವೋ ಎಂದು ತಿಳಿಯದವನು ಐದು ವರ್ಷಗಳ ಯೋಜನೆಯನ್ನು ಹೇಗೆ ತಾನೆ ಹಾಕಿಯಾನು? ಎರವಲು ಮನೆಯಲ್ಲಿ ಯಾರೂ ತೆಂಗಿನ ಸಸಿ ನೆಡುವುದಿಲ್ಲ.

ಅವನ ಕೈಕೆಳಗಿನವರ ಸ್ಥಿತಿಯೂ ಅಂತೆಯೇ. ರಾಜ್ಯದ ಪದವಿ ಕಾಲೇಜುಗಳ ಪಾಠಪ್ರವಚನ ನಡೆದುಬಂದಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಯಲ್ಲಿ ಅವರು ಸೇವಾಭದ್ರತೆಗಾಗಿ ತರಗತಿ ಬಿಟ್ಟು ಬೀದಿಗಿಳಿಯಬೇಕಾಯಿತು. ಹತ್ತಾರು ವರ್ಷ ದುಡಿದವನನ್ನು ‘ಅತಿಥಿ’ ಎಂದು ಕರೆಯುವುದು ಆತಿಥ್ಯಕ್ಕೇ ಅಪಚಾರ. ಅತಿಥಿಗೆ ನಾವು ಮೊದಲು ಬಡಿಸುತ್ತೇವೆ. ಈ ಅತಿಥಿಗೆ ಕೊನೆಗೆ ಬಡಿಸುತ್ತಿದ್ದೇವೆ.

ಇನ್ನು ಗುಣಮಟ್ಟದ ಅಳತೆಗೋಲು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯ ಉದ್ದೇಶ ಘನವಾದುದು: ಕಾಲೇಜು ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳಲಿ ಎಂಬುದು. ಬರಬರುತ್ತ ನಾವು ಮುಖ ತೊಳೆಯುವುದನ್ನು ಬಿಟ್ಟು ಕನ್ನಡಿಗೆ ಬಣ್ಣ ಬಳಿಯತೊಡಗಿದೆವು. 2025ರ ಫೆಬ್ರವರಿಯಲ್ಲಿ, ಆಂಧ್ರದ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ತಪಾಸಣಾ ಸಮಿತಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿದ ಸುದ್ದಿಯನ್ನು ವಾಚಕರು ಓದಿರಬಹುದು. ಅದು ಬೇರೆಯವರ ಮನೆಯ ಮಾತೆಂದು ನಾವು ನಿರಾಳವಾಗಿರುವಂತಿಲ್ಲ.

ಹಿಂದೊಮ್ಮೆ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾವೂ ಇದ್ದೆವು. ತಪಾಸಣಾ ತಂಡ ಬರುವ ಮುನ್ನ ಹದಿನೈದು ದಿನ ಪಾಠಗಳು ನಿಂತವು. ಐದು ವರ್ಷಗಳ ಸಭಾ ನಡಾವಳಿಗಳನ್ನು ಒಂದೇ ಕೈ ಒಂದೇ ಶಾಯಿಯಲ್ಲಿ ಬರೆಯಿತು. ಬಾಡಿಗೆಯ ಹೂಕುಂಡಗಳು ಬಂದವು. ಅವುಗಳಿಗೆ ನೀರೆರೆಯುತ್ತಿದ್ದ ಜವಾನ, “ಬುದ್ಧಿ, ಅವರು ಹೋದ ಮೇಲೂ ಇವು ಇಲ್ಲೇ ಇರ್ತಾವಾ?” ಎಂದು ಕೇಳಿದ. ನಮ್ಮಿಂದ ಉತ್ತರ ಹೊರಡಲಿಲ್ಲ. ಆ ನಡಾವಳಿಗಳ ಕೆಳಗೆ ನಮ್ಮ ರುಜುವೂ ಇತ್ತು. ಯಾರೂ ಬಲವಂತ ಮಾಡಿರಲಿಲ್ಲ. ಶ್ರೇಣಿ ಕೈತಪ್ಪೀತೆಂಬ ಭಯವೇ ಸಾಕಾಗಿತ್ತು. ಅನ್ಯರ ದೋಷಗಳನ್ನು ಎಣಿಸುವ ಈ ಲೇಖನದಲ್ಲಿ ನಮ್ಮದನ್ನು ಮರೆಮಾಚಿದರೆ, ಅದೂ ಬಾಡಿಗೆಯ ಹೂಕುಂಡವೇ ಆದೀತು.

ಮತ್ತೊಂದು ಕೊರತೆಯೆಂದರೆ ಊರಿನ ಕಸುಬಿಗೂ ಊರಿನ ಕಾಲೇಜಿಗೂ ನಂಟಿಲ್ಲದಿರುವುದು. ಚನ್ನಪಟ್ಟಣದ ಬೊಂಬೆಯನ್ನು ನೋಡಿರಿ. ಆಲೆ ಮರವನ್ನು ಕಡೆದು, ಅರಗಿನ ಬಣ್ಣವನ್ನು ಕಾವಿನಲ್ಲಿ ಹಿಡಿಸುವ ಈ ಕಲೆಗೆ ಬಾವಾಸ್ ಮಿಯಾನ್ ಅವರು ಕಳೆದ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರಗಳನ್ನು ತಂದು ಸೇರಿಸಿದರು. ಕಲಿತುದನ್ನು ಬಚ್ಚಿಡದೆ ಇತರರಿಗೂ ಕಲಿಸಿದರು. ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಆ ಹೆಸರಿನ ಹಿಂದೆ ಇರುವುದು ಅಂಥ ಕಲಿಸುವ ನಾಯಕತ್ವ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ದೇಶಕ್ಕೇ ಹೆಸರಾದುದು. ಅಲ್ಲಿ ಚರಕದಿಂದ ಸ್ವಯಂಚಾಲಿತ ರೀಲಿಂಗ್ ಯಂತ್ರದವರೆಗೆ ಎಲ್ಲ ಹಂತದ ತಂತ್ರಜ್ಞಾನವೂ ಉಂಟು. ಇಂಥ ಊರಿನಲ್ಲಿ ವಾಣಿಜ್ಯಶಾಸ್ತ್ರ ಓದುವ ವಿದ್ಯಾರ್ಥಿ ಒಮ್ಮೆಯೂ ಗೂಡಿನ ಹರಾಜನ್ನು ಅಭ್ಯಸಿಸದೆ ಪದವೀಧರನಾಗಬಹುದೆಂದರೆ, ದೋಷ ವಿದ್ಯಾರ್ಥಿಯದಲ್ಲ.

ಸರಿಯಾದ ದಾರಿ ಇದೇ ಸೀಮೆಯಲ್ಲಿ ಇಲ್ಲದಿಲ್ಲ. ಬಿಡದಿಯಲ್ಲಿ ಟೊಯೋಟಾ ಸಂಸ್ಥೆ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಕೇಂದ್ರವು ಹಳ್ಳಿಯ ಬಡಮಕ್ಕಳನ್ನು ಹತ್ತನೆಯ ತರಗತಿಯ ನಂತರ ಆಯ್ದು, ಮೂರು ವರ್ಷ ವಸತಿಯೊಡನೆ ಕಲಿಸುತ್ತದೆ. ಕೌಶಲದಷ್ಟೇ ನಡೆನುಡಿಗೂ ಆರೋಗ್ಯಕ್ಕೂ ಅಲ್ಲಿ ಗಮನವುಂಟು. ದೊಡ್ಡ ಕೈಗಾರಿಕೆಯ ಬಲವಿರುವ, ಆಯ್ದ ಕೆಲವರಿಗಷ್ಟೇ ಎಟುಕುವ ಆ ಮಾದರಿಯನ್ನು ಎಲ್ಲೆಡೆಗೂ ಹಾಗೆಯೇ ಎತ್ತಿಕೊಳ್ಳಲಾಗದು. ಆದರೆ ಗುರುಶಿಷ್ಯರು ಒಂದೆಡೆ ಬಾಳಿ, ಕೆಲಸವನ್ನು ಕೆಲಸದ ನೆಲೆಯಲ್ಲಿಯೇ ಕಲಿಯುವುದು ನಮ್ಮ ಮಠಗಳಿಗೆ ಹೊಸತೇನಲ್ಲ. ಕನಕಪುರದಲ್ಲಿ ಎಸ್. ಕರಿಯಪ್ಪನವರು ರೂರಲ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿ ಬೆಳೆಸಿದುದು ಹಳ್ಳಿಗರ ಮಕ್ಕಳಿಗಾಗಿಯೇ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದುದಲ್ಲದೆ, ಆ ಮಕ್ಕಳ ಪ್ರಾರ್ಥನೆಯಲ್ಲಿ ತಾವೂ ಕುಳಿತರು. ನಾಯಕತ್ವವೆಂದರೆ ಆ ಕುಳಿತುಕೊಳ್ಳುವಿಕೆ. ಸುತ್ತೋಲೆಯಿಂದ ಅದು ಹುಟ್ಟುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮುಖ್ಯಸ್ಥರ ನೇಮಕ ಖಾಯಂ ಆಗಲಿ, ಕನಿಷ್ಠ ಐದು ವರ್ಷ ಅವರನ್ನು ಅಲುಗಿಸದಿರಲಿ. ಹೊಣೆಯೊಡನೆ ಸಣ್ಣಪುಟ್ಟ ವೆಚ್ಚದ ಅಧಿಕಾರವೂ ಅವರಿಗಿರಲಿ. ಪ್ರಾಂಶುಪಾಲರು ವಾರಕ್ಕೊಂದಾದರೂ ತರಗತಿ ತೆಗೆದುಕೊಳ್ಳಲಿ. ಬೋಧಕರು ವರ್ಷಕ್ಕೊಮ್ಮೆ ಕಾರ್ಖಾನೆಯಲ್ಲಿ ಕೆಲವು ವಾರ ಕೆಲಸ ಮಾಡಿ ಬರಲಿ. ಬೊಂಬೆ ಕಡೆಯುವ, ನೂಲು ತೆಗೆಯುವ ಹಿರಿಯ ಕುಶಲಿಗಳನ್ನು, ಪದವಿಯಿಲ್ಲವೆಂಬ ನೆಪದಿಂದ ಹೊರಗಿಡದೆ, ಗೌರವಧನವಿತ್ತು ಕರೆತರಲಿ. ಗುಣಮಟ್ಟವನ್ನು ಕಡತದಿಂದ ಅಳೆಯುವ ಬದಲು, ಕಲಿತು ಹೋದವನು ಎರಡು ವರ್ಷಗಳ ತರುವಾಯ ಎಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿರುವನೆಂಬುದನ್ನು ಕೇಳಿ ಅಳೆಯಲಿ.

ಕೊನೆಯದು ಮಠಗಳ ಪಾಲು, ಹಳೆಯ ವಿದ್ಯಾರ್ಥಿಗಳ ಪಾಲು. ನೀವು ಪ್ರೀತಿಯಿಂದ ಕೊಠಡಿ ಕಟ್ಟಿಸಿ ಅಮೃತಶಿಲೆಯ ಮೇಲೆ ಹಿರಿಯರ ಹೆಸರು ಬರೆಸುತ್ತೀರಿ, ಸಂತೋಷ. ಇನ್ನು ಮುಂದೆ ಒಬ್ಬ ಬೋಧಕನ ಒಂದು ವರ್ಷದ ಸಂಬಳವನ್ನೂ ದಾಸೋಹವೆಂದು ಭಾವಿಸಿರಿ. ಯಂತ್ರವನ್ನರಿತವರು ತಿಂಗಳಿಗೊಂದು ಶನಿವಾರವನ್ನು ಹತ್ತಿರದ ಐಟಿಐಗೆ ಮೀಸಲಿಡಿರಿ. ಮೂಲೆಯಲ್ಲಿ ನಿಂತ ಆ ತಂದೆ ಮುಂದಿನ ವರ್ಷ ಬಂದು, “ಬುದ್ಧಿ, ಒಳ್ಳೆಯ ಐಟಿಐ ಯಾವುದು?” ಎಂದು ಕೇಳುವಂತಾದರೆ, ಅರ್ಧ ಕೆಲಸ ಆದಂತೆ. ಉಳಿದರ್ಧ, ಅವನಿಗೆ ತೋರಿಸಲು ನಮ್ಮಲ್ಲಿ ಅಂಥದೊಂದು ಇರುವುದು.