ಚಲಚ್ಚಿತ್ರದಲ್ಲಿ ಆಹಾರ್ಯ: ‘ಮಾಯಾಬಜಾರ್’ ಚಿತ್ರದ ದೃಶ್ಯರಚನೆಯ ವಿಮರ್ಶೆ

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವೆಂಬುದು ಅಲಂಕಾರಶಾಸ್ತ್ರವನ್ನು ವ್ಯಾಸಂಗಮಾಡಿದವರಿಗೆಲ್ಲ ವಿದಿತವಾದ ವಿಷಯ. ಇವುಗಳಲ್ಲಿ ವೇಷಭೂಷಣ, ವರ್ಣಲೇಪನ, ರಂಗಸಾಮಗ್ರಿಗಳಿಗೆ ಸಂಬಂಧಿಸಿದ ಆಹಾರ್ಯವನ್ನು ಹೊರಗಿನ ಉಪಕರಣವೆಂದೆಣಿಸಿ ಕಡೆಗಣಿಸುವುದು ಪಂಡಿತರಲ್ಲಿ ರೂಢಿಯಾಗಿದೆ. ಚಲಚ್ಚಿತ್ರದ ವಿಚಾರ ಬಂದಾಗ ಈ ಅನಾದರವು ಇಮ್ಮಡಿಯಾಗುತ್ತದೆ. ಅಲ್ಲಿಯ ಮಾಯಾದೃಶ್ಯಗಳು ಕೇವಲ ಬಾಲರಂಜನೆಯೆಂದು ಒಂದು ಪಕ್ಷದವರು ತಳ್ಳಿಹಾಕುತ್ತಾರೆ; ಯಂತ್ರಕೌಶಲವೇ ಕಲೆಯೆಂದು ಮತ್ತೊಂದು ಪಕ್ಷದವರು ಕೊಂಡಾಡುತ್ತಾರೆ. ಆ ದೃಶ್ಯವು ರಸಕ್ಕೆ ಏನು ಉಪಕಾರ ಮಾಡಿತೆಂಬ ಪ್ರಶ್ನೆಯನ್ನು ಉಭಯಪಕ್ಷದವರೂ ಎತ್ತುವುದಿಲ್ಲ.

ಭರತಮುನಿಯ ಮತವು ಇದಕ್ಕಿಂತ ಭಿನ್ನವಾದುದು. ಸಮಸ್ತ ನಾಟ್ಯಪ್ರಯೋಗವೂ ಆಹಾರ್ಯದಲ್ಲಿ ನೆಲೆಗೊಂಡಿದೆಯೆಂದು ಹೇಳಿ, ನಾಟ್ಯಶಾಸ್ತ್ರವು ಅದನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಪರ್ವತ, ವಾಹನ, ವಿಮಾನ ಮೊದಲಾದವುಗಳ ಪ್ರತಿಕೃತಿಗಳು ಪುಸ್ತವೆನಿಸುವುವು. ಅದರಲ್ಲಿ ಚಾಪೆ, ಬಟ್ಟೆ, ತೊಗಲುಗಳಿಂದ ಜೋಡಿಸಿದುದು ಸಂಧಿಮ. ಯಂತ್ರದಿಂದ ನಡೆಯಿಸತಕ್ಕುದು ವ್ಯಾಜಿಮ. ಸುತ್ತಿ ಮಾಡಿದುದು ವೇಷ್ಟಿಮ. ಚಲಚ್ಚಿತ್ರದ ಕಿರುಪ್ರತಿಕೃತಿಗಳನ್ನು ಸಂಧಿಮದಲ್ಲಿಯೂ, ಛಾಯಾಗ್ರಹಣಯಂತ್ರದ ಕೈವಾಡಗಳನ್ನೂ ಈಚೆಗೆ ಗಣಕಯಂತ್ರದಿಂದ ರಚಿಸುವ ಬಿಂಬಗಳನ್ನೂ ವ್ಯಾಜಿಮದಲ್ಲಿಯೂ ಸೇರಿಸಬಹುದು. ಇವುಗಳ ಗುಣದೋಷವಿವೇಚನೆಗೆ ಬೇಕಾದ ಒರೆಗಲ್ಲನ್ನು ಅಭಿನವಗುಪ್ತನು ಒದಗಿಸಿದ್ದಾನೆ. ಆತನು ಎಣಿಸಿದ ಏಳು ರಸವಿಘ್ನಗಳಲ್ಲಿ ಎರಡು ಇಲ್ಲಿಗೆ ಮುಖ್ಯ: ತೋರಿಸಿದುದನ್ನು ಪ್ರೇಕ್ಷಕನ ಮನಸ್ಸು ಸಂಭವವೆಂದು ಒಪ್ಪದಿರುವ ಸಂಭಾವನಾವಿರಹವು ಒಂದು, ಅಂಗವಾದುದರಲ್ಲಿ ಮನಸ್ಸು ನಿಂತು ಪ್ರಧಾನವು ಮರೆಯಾಗುವ ಅಪ್ರಧಾನತೆಯು ಇನ್ನೊಂದು.

ಈ ಒರೆಗಲ್ಲಿಗೆ ಹಚ್ಚಿ ನೋಡಲು ೧೯೫೭ರಲ್ಲಿ ವಿಜಯಾ ಸಂಸ್ಥೆಯವರು ತೆಲುಗು ಮತ್ತು ತಮಿಳುಗಳಲ್ಲಿ ನಿರ್ಮಿಸಿದ ‘ಮಾಯಾಬಜಾರ್’ ಅತ್ಯಂತ ಯೋಗ್ಯವಾದ ಕೃತಿ. ಇದರ ನಿರ್ದೇಶಕರು ಕೆ. ವಿ. ರೆಡ್ಡಿ, ಛಾಯಾಗ್ರಾಹಕರು ಮಾರ್ಕಸ್ ಬಾರ್ಟ್ಲೆ, ಕಲಾನಿರ್ದೇಶಕರು ಮಾಧವಪೆದ್ದಿ ಗೋಖಲೆ ಮತ್ತು ಕಲಾಧರ್. ಬಲರಾಮನ ಮಗಳಾದ ಶಶಿರೇಖೆಯನ್ನು ಅಭಿಮನ್ಯುವಿಗೆ ಕೂಡಿಸಲು ಘಟೋತ್ಕಚನು ನಡೆಯಿಸುವ ಮಾಯೆಯೇ ಕಥಾವಸ್ತು. ವ್ಯಾಸಭಾರತದಲ್ಲಿ ಇಲ್ಲದ ಈ ಕಥೆಯು ಕನ್ನಡನಾಡಿನ ಯಕ್ಷಗಾನದಲ್ಲಿ ‘ಕನಕಾಂಗಿ ಕಲ್ಯಾಣ’ವೆಂದು ಪ್ರಸಿದ್ಧವಾಗಿದೆ. ವೇಷ, ಕುಣಿತ, ಮಾತುಗಳಿಂದ ಯಕ್ಷಗಾನವು ಸೂಚಿಸುವ ಮಾಯೆಯನ್ನು ಚಲಚ್ಚಿತ್ರವು ಕಣ್ಣಿಗೇ ಕಾಣಿಸಬೇಕಾಗುತ್ತದೆ. ಕಷ್ಟವಿರುವುದು ಇಲ್ಲಿಯೇ. ಸೂಚಿಸಿದುದನ್ನು ಸಹೃದಯನ ಕಲ್ಪನೆಯು ಪೂರ್ಣಗೊಳಿಸುತ್ತದೆ; ಕಾಣಿಸಿದುದನ್ನು ಆತನ ಕಣ್ಣು ಪರೀಕ್ಷಿಸುತ್ತದೆ.

ಚಿತ್ರದ ಮೊದಲ ಭಾಗದಲ್ಲಿ ಬರುವ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆಯನ್ನು ಗಮನಿಸತಕ್ಕುದು. ಅದನ್ನು ತೆರೆದವರಿಗೆ ಅವರವರ ಪ್ರಿಯವಸ್ತುವು ಅದರಲ್ಲಿ ಗೋಚರಿಸುತ್ತದೆ. ಶಶಿರೇಖೆಗೆ ಅಭಿಮನ್ಯುವೂ, ಬಲರಾಮನಿಗೆ ಶಿಷ್ಯನಾದ ದುರ್ಯೋಧನನೂ, ರೇವತಿಗೆ ಒಡವೆಗಳೂ ಕಾಣಿಸುವುವು. ಶ್ರೀಕೃಷ್ಣನಿಗಾದರೋ ಶಕುನಿಯೇ ಕಾಣಿಸುತ್ತಾನೆ. ಒಂದು ಬಿಂಬದೊಳಗೆ ಇನ್ನೊಂದನ್ನು ಕೂಡಿಸುವ ಈ ತಂತ್ರವು ಸರಳವಾದುದು. ಆದರೆ ಪುಟಗಟ್ಟಲೆ ಸಂಭಾಷಣೆಯು ಹೇಳಬೇಕಾದ ಪಾತ್ರಸ್ವಭಾವವನ್ನು ಅದು ಕ್ಷಣಮಾತ್ರದಲ್ಲಿ ಹೇಳಿಬಿಡುತ್ತದೆ. ಮುಂದಿನ ಕಲಹದ ಬೀಜವನ್ನೂ ಬಿತ್ತುತ್ತದೆ. ಇಲ್ಲಿ ವ್ಯಾಜಿಮವು ವಾಚಿಕದ ಕಾರ್ಯವನ್ನೇ ವಹಿಸಿಕೊಂಡಿದೆ.

ವಿವಾಹಭೋಜನದ ಪ್ರಸಂಗವು ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದು. ಬೀಗರಿಗೆಂದು ಅಣಿಗೊಳಿಸಿದ ಭಕ್ಷ್ಯಗಳೆದುರು ಎಸ್. ವಿ. ರಂಗರಾಯರ ಘಟೋತ್ಕಚನು ಒಬ್ಬನೇ ಕುಳಿತಿರುತ್ತಾನೆ. ಲಾಡುಗಳು ತಾವಾಗಿಯೇ ಎದ್ದು ಆತನ ಬಾಯಿಗೆ ಹೋಗುತ್ತವೆ. ಲಾಡು ಹಾರುವುದು ಲೋಕದಲ್ಲಿ ಸಂಭವವಲ್ಲ. ಆದರೂ ಸಂಭಾವನಾವಿರಹವು ಏಕೆ ಬಾಧಿಸುವುದಿಲ್ಲ? ಲಾಡು ಬರುವುದಕ್ಕೆ ಮುಂಚೆಯೇ ನಟನ ಕಣ್ಣು ಅದನ್ನು ರುಚಿನೋಡಿರುತ್ತದೆ. ಬಂದಮೇಲೆ ಕೆನ್ನೆಯೂ ಕತ್ತೂ ಅದರ ಗಾತ್ರವನ್ನು ಒಪ್ಪಿಕೊಳ್ಳುತ್ತವೆ. ಯಂತ್ರವು ಹೇಳಿದ ಸುಳ್ಳಿಗೆ ನಟನ ದೇಹವು ಸಾಕ್ಷ್ಯ ನುಡಿಯುತ್ತದೆ. ಆದಕಾರಣ ಅದ್ಭುತವು ಹಾಸ್ಯಕ್ಕೆ ಅಂಗವಾಗಿ ನಿಲ್ಲುತ್ತದೆ.

ನೌಕಾವಿಹಾರದ ಗೀತದಲ್ಲಿ ಬಾರ್ಟ್ಲೆಯವರ ಬೆಳದಿಂಗಳು ಮತ್ತೊಂದು ಬಗೆಯ ಸಿದ್ಧಿ. ಅಭಿಮನ್ಯು-ಶಶಿರೇಖೆ, ಕೃಷ್ಣ-ರುಕ್ಮಿಣಿ, ಬಲರಾಮ-ರೇವತಿ ಈ ಮೂರು ದಂಪತಿಗಳು ಒಂದಾದಮೇಲೊಂದರಂತೆ ಅದೇ ನೀರಿನಲ್ಲಿ, ಅದೇ ಬೆಳಕಿನಲ್ಲಿ ತೇಲುತ್ತಾರೆ. ನವಪ್ರೇಮವೂ ಪ್ರೌಢದಾಂಪತ್ಯವೂ ಒಂದೇ ಚಂದ್ರಿಕೆಯಡಿ ಸೇರುವುದರಿಂದ ಚಂದ್ರಿಕೆಯು ಉದ್ದೀಪನವಿಭಾವವೆಂಬ ಶಾಸ್ತ್ರವಾಕ್ಯಕ್ಕೆ ಇದು ಸಾಕ್ಷಾತ್ ಲಕ್ಷ್ಯವಾಗಿದೆ. ೨೦೧೦ರಲ್ಲಿ ಈ ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣ ತುಂಬಿ ಮರಳಿ ಪ್ರದರ್ಶಿಸಿದರು. ಹೊಸ ಪ್ರೇಕ್ಷಕರನ್ನು ಅದು ಸೆಳೆದುದು ಉಪಕಾರವೇ ಸರಿ. ಆದರೆ ಬೆಳ್ಳಿಯ ಹೊಳಪು, ಬೂದು, ಕಪ್ಪುಗಳ ತಾರತಮ್ಯವನ್ನೇ ನಂಬಿ ರಚಿತವಾದ ಬೆಳದಿಂಗಳಿಗೆ ಬಣ್ಣವು ಅಲಂಕಾರವಾಗದೆ ಆವರಣವಾಯಿತು.

ದೋಷವೂ ಇಲ್ಲದಿಲ್ಲ. ಬೀಗರ ಬಿಡಾರದಲ್ಲಿ ಮಂಚ, ಜಮಖಾನೆಗಳು ಜೀವತಳೆದು ಕೌರವಪಕ್ಷದವರನ್ನು ಪೀಡಿಸುವ ಭಾಗವು ಮೊದಲು ನಗಿಸಿದರೂ ಬರಬರುತ್ತ ದೀರ್ಘವಾಗುತ್ತದೆ. ಕಥೆಯು ನಿಂತು ಚಮತ್ಕಾರವು ಮಾತ್ರ ನಡೆಯುವುದರಿಂದ ಇದು ಅಪ್ರಧಾನತೆಗೆ ಉದಾಹರಣೆ.

ಇಷ್ಟಾಗಿಯೂ ಈ ಚಿತ್ರದ ಅತಿದೊಡ್ಡ ಮಾಯೆಯಲ್ಲಿ ಯಂತ್ರದ ಪಾಲು ಅತ್ಯಲ್ಪ. ಘಟೋತ್ಕಚನು ಶಶಿರೇಖೆಯ ರೂಪವನ್ನು ತಾಳಿದಮೇಲೆ ತೆರೆಯ ಮೇಲಿರುವವರು ಸಾವಿತ್ರಿಯವರೊಬ್ಬರೇ. ಕೋಮಲವಾದ ಅದೇ ಮುಖದಲ್ಲಿ ರಾಕ್ಷಸನ ಹುಬ್ಬುಗಂಟು, ಅದೇ ಸೀರೆಯೊಳಗೆ ರಂಗರಾಯರ ದಾಪುಗಾಲು. ಒಡನೆಯೇ ಎಚ್ಚತ್ತು ನಾಚಿಕೊಳ್ಳುವ ವಧು. ವಿವಾಹಮಂಟಪದಲ್ಲಿ ಆಕೆ ಲಕ್ಷ್ಮಣಕುಮಾರನ ಕಾಲನ್ನು ತುಳಿದಾಗ, ತುಳಿದವನು ಘಟೋತ್ಕಚನೇ ಎಂಬುದರಲ್ಲಿ ಯಾರಿಗೂ ಸಂದೇಹ ಹುಟ್ಟುವುದಿಲ್ಲ. ಆಹಾರ್ಯವು ರೂಪವನ್ನು ಬದಲಾಯಿಸಿ ಹಿಂದೆ ಸರಿದಿದೆ. ಆಂಗಿಕ ಸಾತ್ತ್ವಿಕಗಳು ಆ ರೂಪದೊಳಗೆ ಪ್ರಾಣವನ್ನು ಪ್ರತಿಷ್ಠಾಪಿಸಿವೆ.

ಎಂದಮೇಲೆ ದೃಶ್ಯರಚನೆಯ ವಿಮರ್ಶೆಯು ಅದರ ವೆಚ್ಚವನ್ನಾಗಲಿ ತಂತ್ರದ ನವೀನತೆಯನ್ನಾಗಲಿ ಅಳೆಯುವುದರಿಂದ ಪೂರೈಸದು. ಇಂದು ಗಣಕಯಂತ್ರವು ಕಾಣಿಸಲಾರದ ಅದ್ಭುತವೇ ವಿರಳವಾಗಿದೆ. ಆದುದರಿಂದಲೇ ಔಚಿತ್ಯವಿಚಾರವು ಹಿಂದಿಗಿಂತ ಹೆಚ್ಚು ಅಗತ್ಯವಾಗಿದೆ. ಶಾಲೆಯಲ್ಲಿ ಕಾವ್ಯಮೀಮಾಂಸೆಯನ್ನು ಬೋಧಿಸುವವರು ಈ ಚಿತ್ರವನ್ನು ಲಕ್ಷ್ಯವಾಗಿ ಇಟ್ಟುಕೊಂಡರೆ, ವಿಭಾವ, ರಸವಿಘ್ನ, ಔಚಿತ್ಯಗಳೆಂಬ ಶಬ್ದಗಳು ವಿದ್ಯಾರ್ಥಿಗಳ ಕಣ್ಣೆದುರಿಗೇ ಅರ್ಥವನ್ನು ತಾಳುವುವು. ಶಾಸ್ತ್ರಕ್ಕೂ ಹೊಸದೊಂದು ಪ್ರಯೋಗಕ್ಷೇತ್ರವು ದೊರೆತಂತಾಗುವುದು.